ಒಂದೇ ಹೆಸರಿನ ಎರಡು ಚೀಟಿ

ಎಪ್ಪತ್ತರ ದಶಕದಲ್ಲಿ ಚಿತ್ತಾಪುರ ಕಡೆಯ ಒಂದು ಕಚೇರಿಯಲ್ಲಿ ಮತದಾರರ ಪಟ್ಟಿ ತಿದ್ದಲು ನನ್ನನ್ನು ಕೆಲವು ತಿಂಗಳ ಮಟ್ಟಿಗೆ ತಗೊಂಡಿದ್ದರು. ಒಬ್ಬೊಬ್ಬರಿಗೆ ಒಂದೊಂದು ಚೀಟಿ. ಗೋಡೆಯುದ್ದಕ್ಕೂ ಚೀಟಿಗಳ ಕಟ್ಟು. ಹೆಸರು, ಗಂಡನ ಇಲ್ಲವೆ ತಂದೆಯ ಹೆಸರು, ಊರು ಮೂರೂ ಒಂದೇ ಇರುವ ಎರಡು ಚೀಟಿ ಸಿಕ್ಕರೆ ಒಬ್ಬರೇ ಎರಡು ಸಲ ಸೇರಿದ್ದಾರೆಂದು ಒಂದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಿದ್ದೆ. ನನ್ನ ಚುರುಕಿನ ಬಗ್ಗೆ ನನಗೇ ಹೆಮ್ಮೆ.

ಒಂದು ದಿನ ಭಂಕೂರಿನ ಹೆಣ್ಣುಮಗಳೊಬ್ಬಳು ಬಂದಳು. ಸೆರಗಿನ ಮೇಲೆ ಕಲ್ಲಿನ ಧೂಳು.

"ನಾ ಸತ್ತೀನೇನ್ರಿ ಅಕ್ಕಾರ? ಚಾವಡ್ಯಾಗ ಪಟ್ಟಿ ಓದಿದ್ರು. ನನ್ನ ಹೆಸರು ಒಂದೇ ಸಲ ಬಂತು. ಓಣ್ಯಾಗ ನನ್ನ ಹೆಸರಿನಾಕಿ ಇನ್ನೊಬ್ಬಾಕಿ ಅದಾಳ, ಅದು ನಂದು ಅನ್ನಾಕತ್ತಾಳ."

"ಇಬ್ಬರ ಗಂಡಂದಿರ ಹೆಸರೂ ಒಂದೇ ಏನ್ರಿ?"

"ಹೌದ್ರಿ. ನಮ್ಮ ಜಾತ್ರಿ ದೇವರ ಹೆಸರದು. ಅದನ್ನ ಇಡಲಾರದ ಮನಿ ಈ ಸೀಮ್ಯಾಗ ಯಾವುದದರಿ?"

ಭಂಕೂರಿನ ಕಟ್ಟು ಬಿಚ್ಚಿದೆ; ಅವಳ ಚೀಟಿಯ ಮೇಲೆ ನನ್ನದೇ ಕೆಂಪು ಗೆರೆ. ಅವಳು ಹೋದಮೇಲೆ ಒಂದೇ ಯೋಚನೆ: ಹೀಗೆ ಎಷ್ಟು ಜನರನ್ನು ಹೊಡೆದುಹಾಕಿದ್ದೇನೆ? ಎಲ್ಲರ ಮನೆಗೂ ಹೋಗಿ ಕೇಳುವುದು ಆಗದ ಮಾತು.

ಪಕ್ಕದ ಮೇಜಿನ ಹಿರಿಯ ಗುಮಾಸ್ತರು ನಿಜಾಮರ ಕಾಲದಲ್ಲಿ ಉರ್ದು ಶಾಲೆಯಲ್ಲಿ ಕಲಿತವರು. "ಅನ್ನ ಬೆಂದದೋ ಇಲ್ಲೋ ನೋಡಾಕ ಒಂದು ಅಗಳು ಹಿಚುಕಿದ್ರ ಸಾಕಲ್ಲ, ಬೇಟಾ" ಎಂದರು.

"ಅನ್ನ ಒಂದೇ ಗಡಿಗ್ಯಾಗ ಕುದೀತದ, ಚಾಚಾ. ಇಲ್ಲಿ ಮ್ಯಾಲಿನ ಕಟ್ಟು ವಾಡಿದು, ಕೆಳಗಿಂದು ಶಹಾಬಾದಿಂದು."

"ಹಂಗಾದ್ರ ಕಲಸು."

ನಾನು ಹೊಡೆದ ಜೋಡಿಗಳಿಗೆಲ್ಲ ನಂಬರು ಕೊಟ್ಟು, ಆ ನಂಬರುಗಳನ್ನು ತುಂಡು ಕಾಗದದಲ್ಲಿ ಬರೆದು ಖಾಲಿ ಜೋಳದ ಚೀಲಕ್ಕೆ ಹಾಕಿದೆವು. ಚಾಚಾ ಕುಲುಕಿದರು. ಕಣ್ಣು ಮುಚ್ಚಿ ಐವತ್ತು ಎತ್ತಿದೆ.

ಬಸ್ಸಿನಲ್ಲಿ, ನಡೆದು, ಒಬ್ಬೊಬ್ಬರನ್ನೇ ಹುಡುಕಿದೆ. ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ದೂರದ ಸೀಮೆಯಿಂದ ಬಂದವರೊಬ್ಬರಿದ್ದರು. ಅಂಥ ಹೆಸರು ನಾನು ಕೇಳಿಯೇ ಇರಲಿಲ್ಲ. "ಎರಡೂ ನಾನೇ. ಮನೆ ಬದಲಾಯಿಸಿದಾಗ ಇನ್ನೊಮ್ಮೆ ಬರೆಸಿದೆ" ಎಂದು ನಕ್ಕರು. ಆದರೆ ಮನೆಮನೆಗೂ ಇರುವ ಹೆಸರುಗಳ ಜೋಡಿಯಲ್ಲಿ ಬಹುಪಾಲು ಇಬ್ಬರು ಬೇರೆ ಬೇರೆ ಮನುಷ್ಯರೇ ಎದುರು ನಿಂತರು. ಹೆಸರು ಹೊಂದಿತು ಅನ್ನುವುದಷ್ಟೇ ಸಾಕ್ಷಿಯಲ್ಲ. ಆ ಹೆಸರು ಊರಲ್ಲಿ ಎಷ್ಟು ಅಪರೂಪ ಅನ್ನುವುದನ್ನೂ ನೋಡಬೇಕಿತ್ತು. ನನಗೆ ಅದು ಹೊಳೆದದ್ದು ವಾಡಿಯಿಂದ ಮರಳುವ ಬಸ್ಸಿನಲ್ಲಿ, ನಿಂತುಕೊಂಡೇ.

ಕಚೇರಿಯ ಸಾಹೇಬರ ಮುಂದೆ ತಪ್ಪೊಪ್ಪಿಕೊಂಡೆ. "ಐವತ್ತು ನೋಡಿ ಎಲ್ಲಾದೂ ಹೆಂಗ ಹೇಳ್ತೀರಿ?" ಎಂದರು.

"ಖಾತ್ರಿ ಹೇಳಾಂಗಿಲ್ರಿ. ತಪ್ಪು ಎಲ್ಲಿ ಹೆಚ್ಚಿರಬಹುದು ಅಂತ ಹೇಳಬಲ್ಲೆ. ಮನಿಮನಿಗೂ ಇರೋ ಹೆಸರಿನ ಜೋಡಿಗೋಳ ಕಡಿ ಮೊದಲು ಜನಾ ಕಳಿಸ್ರಿ."

ಅವರು ಕಳಿಸಿದರು. ಬಹಳ ಹೆಸರುಗಳು ಪಟ್ಟಿಗೆ ಮರಳಿದವು. ಭಂಕೂರಿನವಳ ಚೀಟಿಯನ್ನು ನಾನೇ ಹೊಸದಾಗಿ ಬರೆದೆ.

ಕೆಲಸ ಮುಗಿಯುವ ಮುಂಚೆ ಕುತೂಹಲ ತಡೆಯದೆ ಕಟ್ಟುಗಳಲ್ಲಿ ನನ್ನ ಹೆಸರನ್ನೇ ಹುಡುಕಿದೆ. ತಂದೆಯ ಹೆಸರೂ ಒಂದೇ ಆಗಿರುವ ಒಬ್ಬಾಕೆ ಶಹಾಬಾದಿನ ಕಟ್ಟಿನಲ್ಲಿ ಸಿಕ್ಕಳು. ಅವಳ ಮನೆ ಹುಡುಕಿಕೊಂಡು ಹೋಗಿ ನನ್ನ ಹೆಸರು ಹೇಳಿದೆ. ಹೊಲಿಗೆ ಮಷೀನು ನಿಲ್ಲಿಸಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕುಂದ್ರಿ" ಎಂದು ಚಹಾಕ್ಕಿಟ್ಟಳು.