ಫೀನಾ ಊರಿಗೆ ಬಂದ ಕಾರಣ

ಫೀನಾಳ ಆ ಅರ್ಜಿ ತುಂಬಿದವಳು ನಾನೇ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇರೆಯವರ ಬಾಯಲ್ಲಿ ಕೇಳುವುದು ಬೇಡ. ಕೊಲ್ಲಿಯ ದಡದ ಈ ನಮ್ಮ ಟರ್ನ್ ಕೋವ್‌ನಲ್ಲಿ ನಿರುದ್ಯೋಗ ಭತ್ಯೆಯ ಅರ್ಜಿ ಅಂದರೆ ಬ್ಯೂಲಾ, ಬ್ಯೂಲಾ ಅಂದರೆ ಅರ್ಜಿ; ಆ ಬ್ಯೂಲಾ ನಾನೇ. ಮೂವತ್ತೊಂದು ವರ್ಷ ಏಡಿ ಕಾರ್ಖಾನೆಯಲ್ಲಿ ನಿಂತು ದುಡಿದು, ಮೂವತ್ತೊಂದು ಚಳಿಗಾಲ ಭತ್ಯೆಯಲ್ಲಿ ಉಂಡು ನಿವೃತ್ತಳಾದವಳು, ಆ ಕಾಗದವನ್ನು ಅರೆದು ಕುಡಿದಿದ್ದೇನೆ ಎಂದು ನನಗೆ ಜಂಬ. ಕೆಲಸ ಯಾಕೆ ಹೋಯಿತು ಎಂಬ ಪ್ರಶ್ನೆಗೆ ನಮ್ಮ ಇಡೀ ಊರು ಒಂದೇ ಉತ್ತರ ಬರೆಯುತ್ತದೆ: ಕಾರ್ಖಾನೆ ಮುಚ್ಚಿತು. ಏಡಿ ಮುಗಿದರೆ ಕಾರ್ಖಾನೆ ಮುಚ್ಚುತ್ತದೆ, ಅದಕ್ಕೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ತಾವಾಗಿ ಕೆಲಸ ಬಿಟ್ಟು ಬಂದವರು ಫೀನಾ ಬರುವ ತನಕ ನಮ್ಮಲ್ಲಿ ಒಬ್ಬರೂ ಇರಲಿಲ್ಲ.

ಫೀನಾ ಅಂದರೆ ಟ್ರೈಫೀನಾ ಪಾರ್ಡಿ, ನನ್ನ ಪಕ್ಕದ ಮನೆಯವಳು. ಅರವತ್ತು ವರ್ಷ, ಮದುವೆಯ ಗೋಜಿಗೆ ಹೋದವಳಲ್ಲ. ಒಂಬತ್ತು ವರ್ಷ ದೇಶದ ಇನ್ನೊಂದು ತುದಿಯ ಆಲ್ಬರ್ಟಾದಲ್ಲಿ, ಎಣ್ಣೆ ತೆಗೆಯುವ ಗಂಡಸರ ಶಿಬಿರದಲ್ಲಿ ಅಡುಗೆ ಮಾಡಿದಳು. ಇಲ್ಲಿ ಮನೆಯಲ್ಲಿದ್ದವಳು ಅವಳ ಅಕ್ಕ ಡುಲ್ಸಿ, ಫೀನಾಗಿಂತ ಹನ್ನೆರಡು ವರ್ಷ ದೊಡ್ಡವಳು. ಆಗಸ್ಟ್ ಕೊನೆಯ ಒಂದು ಬೆಳಿಗ್ಗೆ ಆ ಡುಲ್ಸಿ ಜಡಿಮಳೆಯಲ್ಲಿ, ಮಲಗುವ ಅಂಗಿಯಲ್ಲಿ, ಒಂದೇ ಕಾಲಿಗೆ ಬೂಟು ಹಾಕಿಕೊಂಡು ದೋಣಿಕಟ್ಟೆಯ ತುದಿಯಲ್ಲಿ ನಿಂತಿದ್ದಳು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ನೀರು. ನಾನು ತೋಳು ಹಿಡಿದು ಮನೆಗೆ ತಂದೆ. ಒಲೆಯ ಮೇಲೆ ಕೆಟಲ್ ನೀರಿಲ್ಲದೆ ಕಾದು ಕೆಂಪಾಗಿತ್ತು. ಅವತ್ತೇ ಫೀನಾಗೆ ಫೋನ್ ಮಾಡಿದವಳೂ ನಾನೇ.

ಫೀನಾ ಶಿಬಿರದ ಮೇಲ್ವಿಚಾರಕನ ಹತ್ತಿರ ಎರಡು ತಿಂಗಳು ರಜೆ ಕೇಳಿದಳು. ಹತ್ತು ದಿನ ಕೊಡುತ್ತೇನೆ ಎಂದ. ಹತ್ತು ದಿನದಲ್ಲಿ ವಾಸಿಯಾಗುವ ರೋಗವೇ ಆ ಮರೆವು? ಕೆಲಸ ಬಿಡುತ್ತೇನೆ ಎಂದಳು. ಯಾಕೆ ಎಂದು ಕೇಳಿದರೆ "ಊರು ನೆನಪಾಗ್ತಿದೆ" ಎಂದಳಂತೆ. ಶಿಬಿರದವರೆಲ್ಲ ನಕ್ಕರಂತೆ, ಅವನೂ ನಕ್ಕು ಅದನ್ನೇ ಬರೆದುಕೊಂಡನಂತೆ.

"ಅಕ್ಕನ ತಲೆ ಸರಿಯಿಲ್ಲ ಅಂತ ಹೇಳೋಕಾಗ್ಲಿಲ್ವೇನೇ ನಿಂಗೆ?" ಎಂದೆ, ಅವಳು ಬಂದ ದಿನ.

"ಅವಳಿಗೆ ಮಾತು ಕೊಟ್ಟಿದೀನಲ್ಲ ಬ್ಯೂಲಾ," ಎಂದಳು. "ಸರ್ಕಾರದ ಕಿವಿಗೆ ಬೀಳೋ ಹಾಗೆ ಯಾರ ಹತ್ರಾನೂ ಹೇಳಲ್ಲ ಅಂತ."

ಆ ಮಾತಿನ ಹಿಂದಿನ ಕಥೆ ಊರಿಗೆಲ್ಲ ಗೊತ್ತು. ಫೀನಾಗೆ ಮೂರು ವರ್ಷ, ಡುಲ್ಸಿಗೆ ಹದಿನೈದು ಇದ್ದಾಗ ಸರ್ಕಾರದ ನರ್ಸು ಮನೆಮನೆಗೆ ಬಂದು, ಈ ಮನೆಯಲ್ಲಿ ಯಾರಿಗಾದರೂ ಕೆಮ್ಮು ಇದೆಯೇ ಎಂದು ಕೇಳಿದಳು. ದೊಡ್ಡವರು ಯಾರೂ ತುಟಿ ಬಿಚ್ಚಲಿಲ್ಲ. ಡುಲ್ಸಿ ಹೇಳಿಬಿಟ್ಟಳು, ಅಮ್ಮನಿಗೆ ಇದೆ, ರಕ್ತವೂ ಬರುತ್ತದೆ ಎಂದು. ಮರುವಾರ ಕ್ಷಯದವರನ್ನು ಆಸ್ಪತ್ರೆಗೆ ಒಯ್ಯುವ ಸರ್ಕಾರದ ಬಿಳಿ ದೋಣಿ ಬಂತು. ಅವರಮ್ಮ ಕೋಟು ಹಾಕಿಕೊಂಡು, ಸಣ್ಣ ಪೆಟ್ಟಿಗೆ ಹಿಡಿದು, ತಾನೇ ನಡೆದು ಹೋಗಿ ದೋಣಿ ಹತ್ತಿದಳು. ವಾಪಸು ಬರಲಿಲ್ಲ. ತಂಗಿಯನ್ನು ಸಾಕಿದವಳು ಡುಲ್ಸಿ, ಅಂದಿನಿಂದ ಆ ಮನೆಯಲ್ಲಿ ಇದ್ದ ನೀತಿ ಒಂದೇ: ಬಾಯಿ ಬಿಟ್ಟರೆ ಬಣ್ಣಗೇಡು. ಈಗ ಮುದುಕಿಯ ಅರ್ಧ ನೆನಪು ಅಳಿಸಿಹೋಗಿದೆ. ಆ ದೋಣಿ ಮಾತ್ರ ಅಳಿಸಿಲ್ಲ.

ಹಾಗಾಗಿ ಅರ್ಜಿ ತುಂಬುವಾಗ ನಾನು ದೊಡ್ಡ ಬುದ್ಧಿವಂತೆಯ ಹಾಗೆ, "ಕಡಿಮೆ ಹೇಳಿದಷ್ಟೂ ಒಳ್ಳೇದು ಕಣೇ. 'ಊರಿಗೆ ಬಂದೆ' ಅಂತ ಬರಿ, ಸಾಕು," ಎಂದೆ. ಹಾಗೇ ಬರೆದೆವು. ಐದು ವಾರಕ್ಕೆ ಉತ್ತರ ಬಂತು: ತಕ್ಕ ಕಾರಣವಿಲ್ಲದೆ ತಾವಾಗಿ ಕೆಲಸ ಬಿಟ್ಟಿದ್ದೀರಿ, ಭತ್ಯೆ ಇಲ್ಲ.

ಫೀನಾ ಆ ಕಾಗದವನ್ನು ಬ್ರೆಡ್ ಡಬ್ಬಿಯ ಕೆಳಗೆ ಇಟ್ಟಳು, ಅಕ್ಕನ ಕಣ್ಣಿಗೆ ಬೀಳದ ಹಾಗೆ. ಕಾರ್ಖಾನೆ ತೆರೆಯುವುದು ಏಪ್ರಿಲ್‌ನಲ್ಲಿ. ಅಲ್ಲಿಯವರೆಗೆ ಭತ್ಯೆ ಇಲ್ಲದಿದ್ದರೆ ಅವಳು ಆಲ್ಬರ್ಟಾಕ್ಕೆ ವಾಪಸು ಹೋಗಬೇಕು, ಹೋದರೆ ಡುಲ್ಸಿ ದೂರದ ಪಟ್ಟಣ ಸೇಂಟ್ ಜಾನ್ಸ್‌ನ ಯಾವುದೋ ವೃದ್ಧಾಶ್ರಮದ ಪಾಲು. ಮತ್ತೊಮ್ಮೆ ಪರಿಶೀಲಿಸಿ ಎಂದು ಕೇಳಲು ಮೂವತ್ತು ದಿನ ಇತ್ತು. ಕೇಳಿದೆವು. ಇಂಥ ದಿನ ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡುತ್ತೇವೆ ಎಂದು ಬರೆದರು.

"ಈ ಸಲ ಇದ್ದದ್ದು ಇದ್ದ ಹಾಗೆ ಹೇಳು," ಎಂದೆ.

"ಹೇಳಿದ್ರೆ ಅವಳನ್ನ ನೋಡೋಕೆ ಯಾರನ್ನಾದ್ರೂ ಕಳಿಸ್ತಾರೆ. ನೋಡಿದ್ರೆ ಬಿಡ್ತಾರಾ? ಒಲೆ ಹತ್ರ ಬಿಡೋ ಹಾಗಿಲ್ಲ, ನೀರಿನ ಹತ್ರ ಬಿಡೋ ಹಾಗಿಲ್ಲ. ಎತ್ಕೊಂಡು ಹೋಗ್ತಾರೆ."

"ಹೇಳ್ದೇ ಇದ್ರೆ?"

ಅವಳು ಎದ್ದು ಒಲೆಗೆ ಸೌದೆ ಹಾಕಿದಳು. ಆ ವಾರ ಅವಳಿಗೂ ನನಗೂ ಊಟ ಸೇರಲಿಲ್ಲ. ಭಾನುವಾರ ಬೇಯಿಸಿದ ಉಪ್ಪು ಮಾಂಸ, ಎಲೆಕೋಸು ಬುಧವಾರದವರೆಗೂ ಹಾಗೇ ಇತ್ತು, ಕೊನೆಗೆ ನನ್ನ ನಾಯಿ ತಿಂದಿತು. ರಸ್ತೆಯಲ್ಲಿ ಗುರುತಿಲ್ಲದ ಕಾರು ಬಂದರೆ ಫೀನಾ ಕಿಟಕಿಯ ಪರದೆ ಎಳೆಯುತ್ತಿದ್ದಳು. ನಾನು ಬೈಯುತ್ತಿದ್ದೆ, ಆಮೇಲೆ ನನ್ನ ಮನೆಗೆ ಹೋಗಿ ನಾನೂ ಪರದೆಯ ಸಂದಿಯಲ್ಲಿ ನೋಡುತ್ತಿದ್ದೆ.

ಹೇಳಿದ ದಿನ ಹತ್ತಕ್ಕೆ ಸರಿಯಾಗಿ ಫೋನು ಬಡಿದುಕೊಂಡಿತು. ನಾವು ಮೂವರೂ ಅಡುಗೆಮನೆಯಲ್ಲಿದ್ದೆವು. ಡುಲ್ಸಿ ಒಲೆಯ ಪಕ್ಕದ ಮಂಚದ ಮೇಲೆ ಕೂತು, ಹೆಣೆದ ಕೈಗವುಸನ್ನು ಬಿಚ್ಚಿ ನೂಲು ಸುತ್ತುತ್ತಿದ್ದಳು. ಅವಳನ್ನು ಒಳಗೆ ಕಳಿಸೋಣ ಎಂದರೆ ಕೂತಲ್ಲಿಂದ ಏಳಲಿಲ್ಲ. ನನಗೂ ಕೇಳಲಿ ಎಂದು ಫೀನಾ ಫೋನಿನ ಸ್ಪೀಕರ್ ಒತ್ತಿದಳು.

ಆ ಕಡೆ ಒಬ್ಬ ಹೆಂಗಸು. ದನಿ ಮೆತ್ತಗಿತ್ತು. ಮೆತ್ತಗಿನ ದನಿಯವರನ್ನು ಕಂಡರೆ ನನಗೆ ಇನ್ನೂ ಭಯ.

"ಕೆಲಸ ಬಿಟ್ಟಿದ್ದು ಯಾಕೆ ಅಂತ ನಿಮ್ಮ ಮಾತಲ್ಲೇ ಹೇಳಿ, ಪಾರ್ಡಿ ಅವ್ರೇ."

"ಊರು ನೆನಪಾಯ್ತು."

"ಅಷ್ಟೇನಾ?"

"ಹೂಂ. ಮನೆಯವರ ಹತ್ರ ಇರೋಣ ಅನ್ನಿಸ್ತು."

"ನೋಡಿ, ಮನೆಯವರ ಹತ್ರ ಇರ್ಬೇಕು ಅಂತ ಆಸೆಪಟ್ಟು ಬಿಟ್ರೆ ನಾನು ಏನೂ ಮಾಡೋಕಾಗಲ್ಲ. ಬಿಡದೆ ಬೇರೆ ದಾರೀನೇ ಇರ್ಲಿಲ್ಲ ಅಂತಾದ್ರೆ ಅದು ಬೇರೆ ಮಾತು. ಮನೇಲಿ ನೀವು ನೋಡ್ಕೋಬೇಕಾದವ್ರು ಯಾರಾದ್ರೂ ಇದಾರಾ?"

ನಾನು ಮೇಜಿನ ಕೆಳಗೆ ಫೀನಾಳ ಕಾಲು ತುಳಿದೆ. ಹೇಳು ಎಂದು ಸನ್ನೆ ಮಾಡಿದೆ. ಅವಳು ಬಾಯಿ ತೆರೆದಳು, ಅಕ್ಕನ ಕಡೆ ನೋಡಿದಳು, ಮುಚ್ಚಿದಳು. ನಾನು ಇನ್ನೊಮ್ಮೆ ತುಳಿದೆ.

"ಪಾರ್ಡಿ ಅವ್ರೇ, ಕೇಳಿಸ್ತಾ? ಯಾರೂ ಇಲ್ಲ ಅಂತ ಬರ್ಕೊಳ್ಳಲಾ?"

ನೂಲುಂಡೆ ನೆಲಕ್ಕೆ ಬಿತ್ತು. ಡುಲ್ಸಿ ಎದ್ದಳು. ಬಂದು ಮೇಜಿನ ಮೇಲೆ ಎರಡೂ ಕೈ ಊರಿ ಫೋನಿನ ಹತ್ತಿರ ಬಗ್ಗಿದಳು. ತಿಂಗಳುಗಳಿಂದ ನನ್ನನ್ನು ನನ್ನ ಸತ್ತ ತಾಯಿಯ ಹೆಸರಲ್ಲಿ ಕರೆಯುತ್ತಿದ್ದವಳ ದನಿ ಅವತ್ತು ಸ್ಪಷ್ಟವಾಗಿತ್ತು.

"ನಾನಿದೀನಿ," ಎಂದಳು. "ಅವಳ ಅಕ್ಕ. ಮಳೇಲಿ ದೋಣಿಕಟ್ಟೆಗೆ ಹೋಗಿದ್ನಂತೆ, ನಂಗೆ ನೆನಪಿಲ್ಲ. ಕೆಟಲ್ ಸುಟ್ಟಿದೀನಿ. ಕೆಲವು ದಿನ ಇದು ಯಾರ ಮನೆ ಅಂತ ಗೊತ್ತಾಗಲ್ಲ. ಇವಳು ಬಂದಿದ್ದು ನನಗೋಸ್ಕರ. ಇವಳಿಗೆ ಸುಳ್ಳು ಹೇಳೋಕೆ ಕಲಿಸಿದ್ದು ನಾನು. ಬರ್ಕೊಂಡ್ರಾ?"

ಆ ಕಡೆ ಬೆರಳಚ್ಚಿನ ಟಕಟಕ ಸದ್ದು. "ಬರ್ಕೊಂಡೆ," ಎಂದಿತು ಆಮೇಲೆ ಆ ದನಿ.

"ದೋಣಿ ಯಾವಾಗ ಬರುತ್ತೆ?"

"ಯಾವ ದೋಣಿ, ಅಮ್ಮಾ?"

ಡುಲ್ಸಿ ನೂಲುಂಡೆ ಎತ್ತಿಕೊಂಡು ಒಳಗೆ ಹೋದಳು. ಫೀನಾ ಮೇಜಿನ ಮೇಲೆ ತಲೆಯಿಟ್ಟು ಅಳುತ್ತಿದ್ದಳು. ಮಿಕ್ಕ ಪ್ರಶ್ನೆಗಳಿಗೆ ಅವಳು ಅಳುತ್ತಲೇ ಉತ್ತರ ಕೊಟ್ಟಳು. ಹೌದು, ರಜೆ ಕೇಳಿದ್ದೆ. ಹೌದು, ಹತ್ತೇ ದಿನ ಕೊಡುತ್ತೇನೆ ಅಂದರು. ಕೊನೆಗೆ ಆ ಹೆಂಗಸು, "ನಾಳೆ ಕೆಲಸ ಸಿಕ್ಕಿದ್ರೆ ಹೋಗೋಕೆ ತಯಾರಿದೀರಾ? ಅಕ್ಕನ್ನ ಯಾರು ನೋಡ್ಕೋತಾರೆ?" ಎಂದಳು. ನಾನು ಫೋನಿನ ಕಡೆ ಬಗ್ಗಿ, "ನಾನು. ಬ್ಯೂಲಾ ಅಂತ, ಪಕ್ಕದ ಮನೆ. ಮೊದಲ್ನೇ ಅರ್ಜಿ ಹಾಳು ಮಾಡಿದವಳೂ ನಾನೇ, ಅದನ್ನೂ ಬರ್ಕೊಳ್ಳಿ," ಎಂದೆ. ನಕ್ಕಳೋ ಏನೋ, ಗೊತ್ತಾಗಲಿಲ್ಲ.

ಡಿಸೆಂಬರ್ ಎರಡನೇ ವಾರ ಕಾಗದ ಬಂತು. ಭತ್ಯೆ ಮಂಜೂರು, ಅದೂ ಸೆಪ್ಟೆಂಬರ್‌ನಿಂದ. ಅಂಚೆ ಕಚೇರಿಯಿಂದ ಹಿಮದಲ್ಲಿ ಜಾರುತ್ತ ಎದ್ದುಬಿದ್ದು ಓಡಿಬಂದೆ, ನನ್ನ ವಯಸ್ಸಿಗೆ ಅದು ತಕ್ಕದ್ದಲ್ಲ. ಅಡುಗೆಮನೆಯಲ್ಲಿ ಡುಲ್ಸಿ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು, ಕೋಟಿನ ಗುಂಡಿ ಕತ್ತಿನವರೆಗೂ ಹಾಕಿಕೊಂಡು ಕೂತಿದ್ದಳು. ಕಾಲ ಬಳಿ ಸಣ್ಣ ಪೆಟ್ಟಿಗೆ. ಆ ಫೋನು ಬಂದ ದಿನದಿಂದ ದಿನಾ ಬೆಳಿಗ್ಗೆ ಹಾಗೇ ಕೂರುತ್ತಿದ್ದಳು. ಫೀನಾ ಸಂಜೆ ಪೆಟ್ಟಿಗೆ ಬಿಚ್ಚಿ ಬಟ್ಟೆಯನ್ನು ಒಳಗೆ ಇಡುವುದು, ಬೆಳಗಾದರೆ ಅವಳು ಮತ್ತೆ ತುಂಬುವುದು.

ಫೀನಾ ಕಾಗದವನ್ನು ಮೊದಲಿಂದ ಕೊನೆಯವರೆಗೂ ಗಟ್ಟಿಯಾಗಿ ಓದಿದಳು. ಆಮೇಲೆ ಅಕ್ಕನ ಮುಂದೆ ಮಂಡಿಯೂರಿ ಕೂತು, "ನೋಡು ಡುಲ್ಸಿ, ದೋಣಿ ಅಂತ ಎಲ್ಲೂ ಇಲ್ಲ. ಯಾರೂ ಬರಲ್ಲ. ಕೋಟು ತೆಗಿ," ಎಂದಳು.

"ಅಮ್ಮನ ಸಲಾನೂ ದೋಣಿ ಬರುತ್ತೆ ಅಂತ ಯಾರೂ ಬರೆದಿರ್ಲಿಲ್ಲ," ಎಂದಳು ಡುಲ್ಸಿ. ತಂಗಿಯ ಕೆನ್ನೆ ಒರೆಸಿದಳು. "ನಿನ್ನ ದುಡ್ಡು ಬಂತಲ್ಲ, ಮಗೂ. ಇನ್ನು ನೀನು ಇಲ್ಲೇ ಇರ್ಬೋದು. ನಂದೇನು, ನಾನು ತಯಾರಾಗೇ ಇದೀನಿ."

ಈಗ ಏಪ್ರಿಲ್. ಕಾರ್ಖಾನೆ ತೆರೆದಿದೆ, ಫೀನಾ ಏಡಿ ಸುಲಿಯಲು ಹೋಗುತ್ತಾಳೆ. ಕೊಟ್ಟ ಮಾತಿನ ಹಾಗೆ ನಾನು ಡುಲ್ಸಿಯ ಪಕ್ಕ ಇನ್ನೊಂದು ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಇಬ್ಬರೂ ಚಹಾ ಕುಡಿಯುತ್ತ ಕೊಲ್ಲಿಯ ಬಾಯಿ ನೋಡುತ್ತೇವೆ. ಯಾರೂ ಬರುವುದಿಲ್ಲ ಎಂದು ದಿನಕ್ಕೆ ಹತ್ತು ಸಲ ಅವಳಿಗೆ ಹೇಳುತ್ತೇನೆ. ಆದರೂ ಗುರುತಿಲ್ಲದ ದೋಣಿಯೊಂದು ಬಂಡೆಯ ಮೂಲೆ ತಿರುಗಿ ಒಳಗೆ ಬಂದಾಗ ಅವಳು ಪೆಟ್ಟಿಗೆಯ ಹಿಡಿ ಹಿಡಿದು ಏಳುತ್ತಾಳೆ, ನಾನು ಎದ್ದು ಬಾಗಿಲಿಗೆ ಚಿಲಕ ಹಾಕುತ್ತೇನೆ.