ತರಕಾರಿಯವಳ ತಟ್ಟೆ

ತರಕಾರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಾಣಂತಿ. ಗೋಡೆಯಾಚೆ ಕೋಸು, ಆಲೂಗಡ್ಡೆ, ಹುರುಳಿಕಾಯಿ ರಾಶಿ ರಾಶಿ ಬಿದ್ದಿವೆ. ಅವಳ ತಟ್ಟೆಯಲ್ಲಿ ಮಾತ್ರ ಬಿಳಿ ಅನ್ನ, ಮೇಲೊಂದು ಚಿಟಿಕೆ ಉಪ್ಪು. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಅನ್ನುವ ಗಾದೆಯನ್ನು ಇವಳನ್ನು ನೋಡಿಯೇ ಕಟ್ಟಿರಬೇಕು.

ಎಲ್ಲಕ್ಕೂ ಕಾರಣ ಆ ಕೂಸು. ಹಗಲೆಲ್ಲ ಸಾಧು; ಓಣಿ ಮಲಗುತ್ತಿದ್ದಂತೆ ಕಾಲನ್ನು ಹೊಟ್ಟೆಗೆ ಮಡಚಿಕೊಂಡು, ಮುಖ ಕೆಂಪಗೆ ಮಾಡಿಕೊಂಡು ಕಿರುಚಲು ಶುರು. ಹೊಟ್ಟೆ ಗಾಳಿ ತುಂಬಿದ ಚೆಂಡಿನ ಹಾಗೆ ಬಿಗಿ. ಅಪ್ಪ ಎನಿಸಿಕೊಂಡವನು ಮಗನಿಗೆ ಸೈರನ್ ಎಂದು ಹೆಸರಿಟ್ಟು, ಕಿವಿಗೆ ದಿಂಬು ಒತ್ತಿಕೊಂಡು ಮಲಗುತ್ತಾನೆ. ಪಾಪ, ಅವನನ್ನು ಬೈದು ಪ್ರಯೋಜನವಿಲ್ಲ. ಬೆಳಕು ಹರಿಯುವ ಮುಂಚೆ ಸಗಟು ಮಾರುಕಟ್ಟೆಯಲ್ಲಿರಬೇಕು, ತಡವಾದರೆ ಬಾಡಿದ ಸೊಪ್ಪೇ ಗತಿ.

ಅತ್ತೆ ಕೆಟ್ಟವಳೇನಲ್ಲ. ಸೊಸೆ ಸುಧಾರಿಸಿಕೊಳ್ಳಲಿ ಎಂದು ತಕ್ಕಡಿ ಹಿಡಿದು ತಾನೇ ಅಂಗಡಿಯಲ್ಲಿ ಕೂತಿದ್ದಾಳೆ. ಆದರೆ ಬಾಯಿ ಸುಮ್ಮನಿರಬೇಕಲ್ಲ! ಬಂದ ಗಿರಾಕಿಗಳಿಗೆಲ್ಲ ಮೊಮ್ಮಗನ ಹೊಟ್ಟೆಯ ಕಥೆ. ಉಪದೇಶ ಕೊಡಲು ಗಿರಾಕಿಗಳಿಗೇನು ಖರ್ಚೇ? ಮೇಷ್ಟರ ಹೆಂಡತಿ, ತಾಯಿ ಕೋಸು ತಿಂದರೆ ಮಗುವಿಗೆ ವಾಯು ಎಂದಳು. ಅಂದೇ ಕೋಸು ಬಂದ್. ಕ್ಷೌರದಂಗಡಿಯವನು ಆಲೂಗಡ್ಡೆ ಎಂದ, ಅದೂ ಹೋಯಿತು. ಆಮೇಲೆ ಬೇಳೆ, ಬದನೆ, ಮೊಟ್ಟೆ. ಒಬ್ಬೊಬ್ಬರೂ ಚೀಲ ತುಂಬಿಕೊಂಡು ಹೋಗುವಾಗ ಇವಳ ತಟ್ಟೆಯಿಂದಲೂ ಒಂದನ್ನು ಎತ್ತಿಕೊಂಡು ಹೋದರು. ಇಷ್ಟಾದರೂ ಅಳು ಎಳ್ಳಷ್ಟೂ ಇಳಿಯಲಿಲ್ಲ. ತಾಯಿಯ ಹಾಲೇ ಸರಿಯಿಲ್ಲ, ಇವತ್ತು ರಾತ್ರಿಯೂ ಹೀಗೇ ಆದರೆ ನಾಳೆಯಿಂದ ಡಬ್ಬಿ ಹಾಲು ಎಂದು ಅತ್ತೆ ತೀರ್ಮಾನ ಹೇಳಿಬಿಟ್ಟಳು.

ಅದು ಸೊಸೆಯ ಎದೆಗೆ ನಾಟಿತು. ಹಾಲು ಕುಡಿಯುವಾಗ ಕೂಸು ಕಣ್ಣು ಮುಚ್ಚಿ ಅವಳ ಬೆರಳೊಂದನ್ನು ಹಿಡಿದುಕೊಂಡಿರುತ್ತದಲ್ಲ, ಇಡೀ ದಿನದಲ್ಲಿ ಅವಳಿಗೆಂದು ಇದ್ದ ಸುಖ ಅದೊಂದೇ. ಅದನ್ನೂ ಬಿಟ್ಟುಕೊಡಲು ಮನಸ್ಸಿರಲಿಲ್ಲ.

ಆ ಬೆಳಿಗ್ಗೆ ಕೂಸಿನ ತೂಕ ನೋಡಲು ಬಂದ ನರ್ಸಮ್ಮ ಹೇಳಿದ್ದೇ ಬೇರೆ. ಮಗು ಚೆನ್ನಾಗಿ ಬೆಳೆಯುತ್ತಿದೆ, ನಿನ್ನ ಹಾಲಿಗೇನೂ ಆಗಿಲ್ಲ. ಕುಡಿಯುವಾಗ ಗಾಳಿ ನುಂಗುತ್ತದೆ, ಹೆಗಲಿಗೆ ಹಾಕಿಕೊಂಡು ಬೆನ್ನು ಸವರಿ ತೇಗಿಸು, ನೀನು ಹೊಟ್ಟೆ ತುಂಬ ಉಣ್ಣು ಎಂದಿದ್ದಳು. ಈರುಳ್ಳಿ ತೂಗುತ್ತಿದ್ದ ಅತ್ತೆಗೆ ಇದನ್ನು ಹೇಳಿದರೆ, ಒಬ್ಬಳು ಹೇಳಿದ್ದು ಹೆಚ್ಚೋ, ಓಣಿಯೆಲ್ಲ ಹೇಳಿದ್ದು ಹೆಚ್ಚೋ ಎಂದು ಬಾಯಿ ಮುಚ್ಚಿಸಿದಳು.

ರಾತ್ರಿ ಸೈರನ್ ಮೊಳಗಿತು. ಹಾಲು ಕುಡಿಸಿ, ಹೆಗಲಿಗೆ ಹಾಕಿಕೊಂಡು, ಬೆನ್ನು ಸವರುತ್ತಾ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ನಡೆದಳು. ಸ್ವಲ್ಪ ಹೊತ್ತಿಗೇ ಕಣ್ಣಿಗೆ ಕತ್ತಲೆ ಕವಿಯಿತು. ಕೂಸನ್ನು ಎದೆಗವಚಿಕೊಂಡು, ಗೋಡೆಗೆ ಒರಗಿ ಹಾಗೇ ನೆಲಕ್ಕೆ ಕುಸಿದಳು.

ಅತ್ತೆ ದೀಪ ಹಾಕಿ ಓಡಿಬಂದಳು. ಬಾಯಿಗೆ ಬಂದದ್ದು ಕೂಸು ಅತ್ತಾಗಲೆಲ್ಲ ಕೇಳುವ ಅದೇ ಪ್ರಶ್ನೆ.

“ಏನು ತಿಂದೆ ಇವತ್ತು?”

“ಏನೂ ಇಲ್ಲ ಅತ್ತೆ. ತಿನ್ನೋಕೆ ನೀವು ಏನು ಉಳಿಸಿದ್ದೀರಿ?”

ದನಿಯಲ್ಲಿ ಕೋಪವಿರಲಿಲ್ಲ, ಕೋಪಕ್ಕೂ ತ್ರಾಣ ಬೇಕಲ್ಲ. ಅತ್ತೆ ತೋಳು ಹಿಡಿದು ಎಬ್ಬಿಸಿದಳು. ಬದುಕೆಲ್ಲ ಮೂಟೆ ಎತ್ತಿದ ಕೈ ಅದು, ತಕ್ಕಡಿ ಬೇಕಾಗಲಿಲ್ಲ. ಸೊಸೆಯಲ್ಲಿ ಭಾರವೇ ಇರಲಿಲ್ಲ. ಕೂಸಿನ ತೂಕವನ್ನು ಎಲ್ಲರೂ ಕೇಳಿದ್ದರು, ಇವಳದ್ದನ್ನು ಯಾರೂ ಕೇಳಿರಲಿಲ್ಲ.

ಅತ್ತೆ ಕೂಸನ್ನು ತನ್ನ ಹೆಗಲಿಗೆ ಹಾಕಿಕೊಂಡಳು. ಮಗನ ದಿಂಬನ್ನು ಕಿತ್ತು, ಒಲೆ ಹಚ್ಚು ಎಂದಳು. ಕೋಸು, ಆಲೂಗಡ್ಡೆ, ಬೇಳೆ ಎಲ್ಲ ಒಂದೇ ಪಾತ್ರೆಯಲ್ಲಿ ಬೆಂದವು. ಬೇಯುವಷ್ಟು ಹೊತ್ತೂ ಅವಳ ಕೈ ಆ ಪುಟ್ಟ ಬೆನ್ನನ್ನು ಸವರುತ್ತಲೇ ಇತ್ತು. ಕೊನೆಗೆ ಮೊಮ್ಮಗ ಗಡದ್ದಾಗಿ ಉಂಡ ಯಜಮಾನನ ಹಾಗೆ ತೇಗಿ, ಅಜ್ಜಿಯ ಹೆಗಲ ಮೇಲಿಷ್ಟು ಹಾಲು ಕಕ್ಕಿ ನಿದ್ದೆಹೋದ. ಸೊಸೆಗೆ ಉಣ್ಣುತ್ತಾ ಅಳು ಬಂತು. ಅಳುತ್ತಲೇ ತಟ್ಟೆ ಖಾಲಿ ಮಾಡಿದಳು.

ಬೆಳಿಗ್ಗೆ ಮೇಷ್ಟರ ಹೆಂಡತಿ, ಡಬ್ಬಿ ಹಾಲು ತಂದಿರಾ ಎಂದು ವಿಚಾರಿಸಿದ್ದಕ್ಕೆ ಅತ್ತೆ, ಕೋಸು ಎಷ್ಟು ಬೇಕು ಎಂದಷ್ಟೇ ಕೇಳಿದಳಂತೆ.

ಒಂದೇ ರಾತ್ರಿಗೆ ವಾಯು ಊರು ಬಿಟ್ಟು ಹೋಗುತ್ತದೆಯೇ? ಆ ರಾತ್ರಿಯೂ ಕೂಸು ಅತ್ತಿತು. ಅತ್ತೆ ಕಣ್ಣುಜ್ಜುತ್ತಾ ಎದ್ದು ಬಂದಳು. “ಏನು ತಿಂ...” ಎಂದವಳು ಮಾತನ್ನು ಅಲ್ಲೇ ನುಂಗಿ, ಎರಡೂ ಕೈ ಚಾಚಿದಳು.

“ಕೊಡು ಇಲ್ಲಿ. ನೀನು ಮಲಗು.”