ಚಿಮಣಿಯ ಮೇಲಿನ ದೀಪಸ್ತಂಭ

ಗುಡ್ಡದ ಮೇಲಿನ ಹಳೆಯ ದೀಪಸ್ತಂಭದಲ್ಲಿ ದೀಪ ಉರಿಯುವುದು ನಾನು ಹುಟ್ಟುವ ಮೊದಲೇ ನಿಂತಿತ್ತು. ಆದರೂ ನಮ್ಮ ಮೀನುಗಾರರಿಗೆ ಹಗಲಲ್ಲಿ ಅದು ಬೇಕಿತ್ತು. ಸಮುದ್ರದಿಂದ ನೋಡುವಾಗ ಅದು ದಡದ ಯಾವ ಮರ, ಯಾವ ಕಟ್ಟಡದ ನೇರಕ್ಕೆ ಬರುತ್ತದೆ ಎಂದು ನೋಡಿ ನೀರಿನಡಿಯ ಕಲ್ಲುಗಳನ್ನು ಹುಡುಕುತ್ತಿದ್ದರು. ಕಲ್ಲಿದ್ದಲ್ಲಿ ಮುರು ಮೀನು. ಒಂದೊಂದು ಮನೆಗೆ ಒಂದೊಂದು ಕಲ್ಲು. ಅದರ ಗುರುತನ್ನು ಹೊರಗಿನವರಿಗೆ ಹೇಳುವಂತಿಲ್ಲ. ನಮ್ಮದು ಅಳಿಯಸಂತಾನದ ಮನೆ. ಗುರುತು ಸೋದರಮಾವನಿಂದ ಅಳಿಯನಿಗೆ, ಅಂದರೆ ನನಗೆ ಬರಬೇಕು.

ಐವತ್ತರ ದಶಕದ ಕೊನೆಯಲ್ಲಿ, ಕಾಲೇಜಿನ ರಜೆಯಲ್ಲಿ, ಮಾವ ನನ್ನನ್ನು ಜಗಲಿಯಲ್ಲಿ ಕೂರಿಸಿ ಹೇಳಿದರು: "ಹೆಂಚಿನ ಕಾರ್ಖಾನೆಯ ಚಿಮಣಿ ಉಂಟಲ್ಲ, ಅದರ ನೆತ್ತಿಯ ಮೇಲೆ ಸ್ತಂಭ ಸರಿಯಾಗಿ ಕೂರಬೇಕು. ಹಾಗೇ ಪಡುವಣಕ್ಕೆ ಹೋಗು, ಇಳಿಬಿಟ್ಟ ಗುಂಡು ಅಡಿಯ ಕಲ್ಲಿಗೆ ಬಡಿಯುವವರೆಗೆ."

ಮಾವನ ಮಂಡಿ ಸೋತ ಮೇಲೆ ಮನೆಯ ದೋಣಿಯನ್ನು ಅಲ್ಲಿಗೆ ಕೊಂಡೊಯ್ದವನು ನಾನು. ಹಗ್ಗಕ್ಕೆ ಕಟ್ಟಿದ ಸೀಸದ ಗುಂಡು ಇಳಿಸಿದೆ. ಕೆಸರು ಮೆತ್ತಿಕೊಂಡು ಬಂತು. ಮತ್ತೆ ಇಳಿಸಿದೆ, ಮತ್ತೆ ಕೆಸರು.

"ಎಂತ ಮಾರಾಯ, ನಿನ್ನ ಬಿ.ಎ.ಯಲ್ಲಿ ಕಲ್ಲಿನ ಪಾಠ ಇರ್ಲಿಲ್ವಾ?" ಎಂದ ಹುಟ್ಟು ಹಾಕುತ್ತಿದ್ದ ಮುದುಕ.

"ಇತ್ತು. ಆ ದಿವಸ ಇವನಿಗೆ ಜ್ವರ," ಎಂದ ಪಕ್ಕದವನು.

ಅವರೊಡನೆ ನಾನೂ ನಕ್ಕೆ. ನನ್ನ ನೆನಪೇ ತಪ್ಪಿರಬೇಕು ಎಂದುಕೊಂಡೆ. ಆಗ ಬಡಗು ದಿಕ್ಕಿನಲ್ಲಿ ಲಂಗರು ಹಾಕಿದ್ದ ಇನ್ನೊಂದು ದೋಣಿ ಕಂಡಿತು, ಮಾವನ ಮಗನದು. ಅದರ ಗಾಳಗಳಲ್ಲಿ ಮುರು ಮೇಲೆ ಬರುತ್ತಿತ್ತು. ಹತ್ತಿರ ಹೋಗಿ ದಡದ ಕಡೆ ತಿರುಗಿ ನೋಡಿದೆ. ಅಲ್ಲಿಂದ ಸ್ತಂಭ ಚಿಮಣಿಯ ಎಡಕ್ಕೆ ಸರಿದು ಬೇರೆಯಾಗಿ ನಿಂತಿತ್ತು. ಮಾವನ ಮಗ ನನ್ನನ್ನು ನೋಡಿ ಗಾಳಕ್ಕೆ ಎರೆ ಸಿಕ್ಕಿಸತೊಡಗಿದ.

ಸಂಜೆ ಮಾವನ ಬಳಿ ಹೋದೆ. "ನಾನು ತಪ್ಪಾಗಿ ನೆನಪಿಟ್ಟೆನೋ ಏನೋ, ಮಾವ," ಎಂದೆ. ಹೌದು ಎಂದಿದ್ದರೆ ಇವತ್ತಿಗೂ ನಂಬುತ್ತಿದ್ದೆ.

"ಇಲ್ಲ," ಎಂದರು. "ನಾನು ಹೇಳಿದ್ದೇ ಹಾಗೆ. ನಿನಗೆ ಕಾಲೇಜು ಉಂಟು. ಅವನಿಗೆ ಎಂತ ಉಂಟು?"

ಅತ್ತೆ ಊಟಕ್ಕೆ ಕರೆದರು. ಮುರು ಮೀನಿನ ಸಾರು. ಕೂತು ಉಂಡೆ.

ಆ ವರ್ಷಗಳ ಎಷ್ಟೋ ಮಾತುಗಳನ್ನು ನಾನೇ ಆಮೇಲೆ ಕಟ್ಟಿಕೊಂಡಿರಬಹುದು; ಈ ಮಾತಲ್ಲ. ಮಗನಿಗೆ ಕೊಟ್ಟದ್ದು ನನಗೆ ಅರ್ಥವಾಗುತ್ತದೆ. ಕೊಡುವುದಿಲ್ಲ ಎಂದು ನನಗೆ ನೇರವಾಗಿ ಹೇಳಬಹುದಿತ್ತು. ಮರೆತುಬಿಟ್ಟೇನೆಂಬ ಭಯಕ್ಕೆ, ಹಾಸ್ಟೆಲಿನಲ್ಲಿ ಮಲಗುವ ಮೊದಲು ನಾನು ಆ ಸುಳ್ಳನ್ನು ಬಾಯಿಪಾಠ ಮಾಡುತ್ತಿದ್ದೆ.